ಸವೆದ ಕಾಸಿನ ಸಂಗ್ರಹ: ಕಡಿಮೆ ಖರ್ಚಿನಲ್ಲಿ ಆರಂಭಿಸುವುದು ಹೇಗೆ?



ನಾಲ್ಕಾಣೆ, ಎಂಟಾಣೆ ಎಂಬ ಮಾತುಗಳು ಇಂದಿಗೂ ನಮ್ಮ ಬಾಯಲ್ಲಿವೆ. ಆಣೆಯ ಲೆಕ್ಕ 1957ರಲ್ಲಿಯೇ ಮುಗಿಯಿತು. ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳೂ 2011ರ ಜೂನ್ 30ರ ನಂತರ ಚಲಾವಣೆಯಲ್ಲಿ ಉಳಿಯಲಿಲ್ಲ. ಮಾತು ಉಳಿದು ನಾಣ್ಯ ಮರೆಯಾದ ಈ ಹೊತ್ತಿನಲ್ಲಿ, ಮನೆಯ ಡಬ್ಬಿಯಲ್ಲೋ ಅಜ್ಜಿಯ ಟ್ರಂಕಿನಲ್ಲೋ ಬಿದ್ದಿರುವ ಚಿಲ್ಲರೆ ಕಾಸುಗಳನ್ನು ಒಂದು ಕ್ರಮದಲ್ಲಿ ಜೋಡಿಸಿಡುವುದು ಹೇಗೆ ಎಂಬುದನ್ನು ಇಂದು ನೋಡೋಣ.

ನಾಣ್ಯ ಸಂಗ್ರಹ ಹಣವಂತರ ಹವ್ಯಾಸ ಎಂಬ ಭಾವನೆ ಹಲವರಲ್ಲಿದೆ. ಅದು ನಿಜವಲ್ಲ. ಅಮೆರಿಕದಲ್ಲಿ 1909ರಿಂದ 1958ರವರೆಗೆ ಹಿಂಬದಿಯಲ್ಲಿ ಗೋಧಿಯ ತೆನೆ ಇದ್ದ ಲಿಂಕನ್ ಸೆಂಟುಗಳು ಬಂದವು. ಅಲ್ಲಿಯ ಎಷ್ಟೋ ಮಕ್ಕಳು ಅಂಗಡಿಯ ಚಿಲ್ಲರೆಯಿಂದಲೇ ಅವುಗಳನ್ನು ಆರಿಸಿ, ವರ್ಷಕ್ಕೊಂದರಂತೆ ರಟ್ಟಿನ ತೂತುಗಳಲ್ಲಿ ಕೂರಿಸಿ ಈ ಹವ್ಯಾಸ ಕಲಿತರು. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯಕ್ಕೆ ಬೆಲೆ ಕಡಿಮೆ. ಆದ್ದರಿಂದಲೇ ಅದು ಸಾಮಾನ್ಯರಿಗೆ ಎಟುಕುತ್ತದೆ. ಇದೇ ದಾರಿ ನಮ್ಮ ನೀಲಗಿರಿಯಲ್ಲೂ ಸಾಧ್ಯ.

ಮೊದಲ ಹೆಜ್ಜೆಯಾಗಿ 1957ರ ಏಪ್ರಿಲ್ 1ರಿಂದ ಬಂದ ದಶಮಾಂಶ ನಾಣ್ಯಗಳನ್ನು ತೆಗೆದುಕೊಳ್ಳಿ. ಅದಕ್ಕೆ ಮುಂಚೆ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ಒಟ್ಟು ರೂಪಾಯಿಗೆ 192 ಪೈ. ಹೊಸ ಲೆಕ್ಕದಲ್ಲಿ ರೂಪಾಯಿಗೆ ನೂರು 'ನಯಾ ಪೈಸೆ'. ನಾಲ್ಕಾಣೆ ಸರಿಯಾಗಿ 25 ಪೈಸೆಯಾಯಿತು, ಎಂಟಾಣೆ 50 ಆಯಿತು. ಆದರೆ ಒಂದಾಣೆಗೆ ಆರೂಕಾಲು ಪೈಸೆ! ಕಾಲನ್ನು ಕೊಡುವುದು ಹೇಗೆ? ಅದಕ್ಕಾಗಿ ಆರು ಎಂದೇ ಲೆಕ್ಕ ಹಿಡಿದರು. ನಾಲ್ಕಾಣೆ, ಎಂಟಾಣೆ ಎಂಬ ಮಾತುಗಳು ಮಾತ್ರ ಬಾಳಿ ಬಂದುದಕ್ಕೆ ಈ ಸರಿಹೊಂದಿಕೆಯೂ ಒಂದು ಕಾರಣ. 'ನಯಾ' ಎಂಬ ಪದವನ್ನು 1964ರ ಜೂನ್ 1ರಿಂದ ಕೈಬಿಡಲಾಯಿತು.

ಈ ಕಾಲದ ನಾಣ್ಯಗಳು ಆಕಾರದಲ್ಲೇ ಗುರುತು ಸಿಗುತ್ತವೆ. ಚಿಕ್ಕ ಕಂಚಿನ ಒಂದು ನಯಾ ಪೈಸೆ ದುಂಡಗೆ. ಐದು ಪೈಸೆ ಚೌಕ. ಎರಡು ಮತ್ತು ಹತ್ತು ಪೈಸೆಗಳಿಗೆ ಅಲೆಯಲೆಯಾದ ಅಂಚು. 1964ರಲ್ಲಿ ಬಂದ ಮೂರು ಪೈಸೆ ಆರು ಮೂಲೆಯ ಅಲ್ಯೂಮಿನಿಯಂ ನಾಣ್ಯ. 1968ರಿಂದ 1971ರವರೆಗಿನ ಹಳದಿ ಲೋಹದ ಇಪ್ಪತ್ತು ಪೈಸೆಯ ಮೇಲೆ ತಾವರೆ ಇದೆ. 1988ರಿಂದ ಬಂದ ಉಕ್ಕಿನ ಇಪ್ಪತ್ತೈದು ಪೈಸೆಯ ಮೇಲೆ ಘೇಂಡಾಮೃಗ. ಒಂದೊಂದು ಆಕಾರಕ್ಕೆ ಒಂದೊಂದರಂತೆ ಇಟ್ಟರೂ ಒಳ್ಳೆಯ ಆರಂಭವಾಗುತ್ತದೆ.

ಎರಡನೆಯ ಹೆಜ್ಜೆ ಟಂಕಸಾಲೆಯ ಗುರುತು. ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ. ಸಣ್ಣ ವಜ್ರಾಕಾರವಿದ್ದರೆ ಅದು ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ಒಂದೇ ವರ್ಷದ ಎಂಟಾಣೆಗೆ ಎರಡು ಮೂರು ಗುರುತು ಸಿಗಬಹುದು. ಒಂದು ಭೂತಗನ್ನಡಿ ಇದ್ದರೆ ಸಾಕು, ಮಕ್ಕಳಿಗೆ ಇದು ಒಳ್ಳೆಯ ಆಟ.

ಮೂರನೆಯದು ಆಣೆಯ ಕಾಲ. 1950ರ ಸರಣಿಯಲ್ಲಿ ಅಶೋಕನ ಸಿಂಹ ಬಂದಿತು. ಪೈಸೆಯ ಮೇಲೆ ಕುದುರೆ, ಆಣೆಯ ಮೇಲೆ ಎತ್ತು, ರೂಪಾಯಿಯ ಮೇಲೆ ತೆನೆಗಳು. ಅದಕ್ಕೆ ಹಿಂದಿನದು 1943ರಿಂದ 1947ರವರೆಗಿನ ತೂತಿನ ಕಾಸು. ಯುದ್ಧದ ದಿನಗಳಲ್ಲಿ ತಾಮ್ರವನ್ನು ಉಳಿಸಲು ನಡುವೆ ತೂತು ಬಿಟ್ಟರು. ಸವೆದ ತಾಮ್ರದ ಕಾಲಾಣೆಗಳು, ತೂತಿನ ಕಾಸುಗಳು ಅಪಾರವಾಗಿ ಅಚ್ಚಾದವು. ಹಾಗಾಗಿ ಅವು ದುಬಾರಿಯಲ್ಲ. ಬೆಳ್ಳಿ ರೂಪಾಯಿಗೆ ಮಾತ್ರ ಆತುರಪಡಬೇಡಿ. ಅದರ ಬೆಲೆ ಬೆಳ್ಳಿಯ ದರದ ಜೊತೆಗೆ ಏರುತ್ತದೆ, ನಕಲಿಯೂ ಹೆಚ್ಚು. ಸರಳ ಪರೀಕ್ಷೆ ಒಂದಿದೆ: 1947ರ ಹುಲಿಯ ರೂಪಾಯಿ ನಿಕ್ಕಲ್ಲಿನದು, ಆಯಸ್ಕಾಂತಕ್ಕೆ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ. ಅಂಟದ್ದೆಲ್ಲ ಬೆಳ್ಳಿಯಲ್ಲ, ಆದರೆ ಬೆಳ್ಳಿಯೆಂದು ಕೊಟ್ಟದ್ದು ಅಂಟಿದರೆ ಅದು ಖಂಡಿತ ಬೆಳ್ಳಿಯಲ್ಲ.

ನಮ್ಮ ಸೀಮೆಗೆ ಇನ್ನೊಂದು ಭಾಗ್ಯವಿದೆ. ಗೂಡಲೂರು ಮೂರು ರಾಜ್ಯಗಳು ಕೂಡುವೆಡೆ. ಮಸಿನಗುಡಿಯಿಂದ ಬಂಡೀಪುರದ ಕಾಡು ದಾಟಿದರೆ ಗುಂಡ್ಲುಪೇಟೆ. ಆದ್ದರಿಂದ ಇಲ್ಲಿಯ ಹಳೆಯ ಡಬ್ಬಿಗಳಲ್ಲಿ ಮದರಾಸಿನ ಕಾಸೂ ಮೈಸೂರಿನ ಕಾಸೂ ಜೊತೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಆನೆಯ ಚಿತ್ರದ ದಪ್ಪ ತಾಮ್ರದ ಕಾಸು ಟಿಪ್ಪುವಿನ ಕಾಲದ್ದಾಗಿರಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೊದಲು ಆನೆ, ಆಮೇಲೆ ಸಿಂಹ. ಕನ್ನಡ, ಇಂಗ್ಲಿಷ್, ಪಾರಸಿ ಮೂರೂ ಲಿಪಿಗಳಿರುವ ಕಾಸುಗಳಿವೆ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಗಿ, 1843ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಘಟ್ಟದ ಎರಡೂ ಕಡೆ ಕಂಪನಿಯ ನಾಣ್ಯವೇ.

ಮದರಾಸು ಪ್ರಾಂತಕ್ಕಾಗಿ 1808ರ ಇಸವಿಯ ಹತ್ತು ಮತ್ತು ಇಪ್ಪತ್ತು ಕಾಸುಗಳು ಇಂಗ್ಲೆಂಡಿನಲ್ಲಿ ಅಚ್ಚಾದವು. ಅವನ್ನು ಹೊತ್ತ 'ಅಡ್ಮಿರಲ್ ಗಾರ್ಡ್ನರ್' ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲೇ ಮುಳುಗಿತು. 1980ರ ದಶಕದಲ್ಲಿ ಆ ಕಾಸುಗಳನ್ನು ರಾಶಿ ರಾಶಿಯಾಗಿ ಮೇಲೆತ್ತಿದರು. ನಮ್ಮ ಸಂತೆಗಳಿಗೆಂದು ಹೊರಟ ಕಾಸು ನೂರೆಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಮುದ್ರದಲ್ಲಿ ಮಲಗಿ, ಕೊನೆಗೆ ವಿದೇಶದ ಸಂಗ್ರಾಹಕರ ಕೈ ಸೇರಿತು!

ಇನ್ನು ಕಾಪಾಡುವ ವಿಷಯ. ಹಳೆಯ ಕಾಸು ಕಂಡೊಡನೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮ ಮನೆಗಳ ರೂಢಿ. ದಯವಿಟ್ಟು ಬೇಡ. ಪಾತ್ರೆಗೆ ಹೊಳಪು ಚೆಂದ. ಕಾಸಿಗೆ ಅದರ ಕಂದು ಬಣ್ಣವೇ ಹೊದಿಕೆ. ತಿಕ್ಕಿದರೆ ಅಕ್ಷರ ಸವೆಯುತ್ತದೆ, ಬೆಲೆ ಇಳಿಯುತ್ತದೆ, ಅದನ್ನು ಮತ್ತೆ ಸರಿಪಡಿಸಲಾಗದು. ಮಣ್ಣು ಮೆತ್ತಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಗೂಡಲೂರಿನ ಮಳೆಗಾಲ, ಊಟಿಯ ಮಂಜು ಎರಡೂ ತಾಮ್ರಕ್ಕೆ ಶತ್ರು. ತೇವ ತಗುಲಿದರೆ ಹಸಿರು ಕಿಲುಬು ಕೂರುತ್ತದೆ. ಅಂಟಂಟಾದ ಮೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ. ಕಾಗದದ ಸಣ್ಣ ಲಕೋಟೆಯಲ್ಲಿಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಹಳೆಯ ಐದು ರೂಪಾಯಿಗೆ, ಒಂದು ಪೈಸೆಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತುಗಳು ಮೊಬೈಲಿನಲ್ಲಿ ಬರುತ್ತವೆ. ಮೊದಲು ಆಸೆ ಹುಟ್ಟಿಸಿ, ಆಮೇಲೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ನಿಮ್ಮಿಂದಲೇ ಹಣ ಕೀಳುತ್ತಾರೆ. ರಿಸರ್ವ್ ಬ್ಯಾಂಕು ತನ್ನ ಹೆಸರು ಹೀಗೆ ದುರುಪಯೋಗವಾಗುತ್ತಿದೆ, ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು 2021ರ ಆಗಸ್ಟ್‌ನಲ್ಲಿ ಪ್ರಕಟಣೆಯನ್ನೇ ಹೊರಡಿಸಿತು. ತೋಟದ ಕೂಲಿಯಲ್ಲಿ ಉಳಿಸಿದ ಹಣ ಒಂದು ಫೋನ್ ಕರೆಯಲ್ಲಿ ಹೋಗಬಾರದು. ಒಂದು ಮಾತು ನೆನಪಿಡಿ: ಕೊಳ್ಳುವವನು ಹಣ ಕೊಡಬೇಕು, ಮಾರುವವನಿಂದ ಕೇಳಬಾರದು. ನಾಣ್ಯಕ್ಕೆ ಬೆಲೆ ತರುವುದು ಹಳತನವಲ್ಲ, ವಿರಳತೆ ಮತ್ತು ಸ್ಥಿತಿ. ಕೋಟಿಗಟ್ಟಲೆ ಅಚ್ಚಾದ ಪೈಸೆ ಎಷ್ಟು ಹಳತಾದರೂ ಸಾಮಾನ್ಯ ಪೈಸೆಯೇ.

ಕಾನೂನನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಹೊರದೇಶಕ್ಕೆ ಸಾಗಿಸುವುದು ಅಪರಾಧ. ಹೊಲ ಅಗೆಯುವಾಗ ನಿಧಿ ಸಿಕ್ಕರೆ, ಅದರ ಬೆಲೆ ಹತ್ತು ರೂಪಾಯಿ ಮೀರಿದ್ದರೆ, 1878ರ ನಿಧಿ ಕಾಯ್ದೆಯ ಪ್ರಕಾರ ಕಲೆಕ್ಟರರಿಗೆ ತಿಳಿಸಬೇಕು.

ಕೊನೆಯದಾಗಿ, ಒಂದು ನೋಟುಪುಸ್ತಕ ಇಡಿ. ತಿಂಗಳಿಗೆ ಐವತ್ತೋ ನೂರೋ, ಮಿತಿ ಹಾಕಿಕೊಂಡು ಅದನ್ನು ದಾಟಬೇಡಿ. ಪ್ರತಿ ನಾಣ್ಯದ ಇಸವಿ, ಗುರುತು, ಬಂದ ದಿನ, ಕೊಟ್ಟವರ ಹೆಸರು ಬರೆಯಿರಿ. ಮನೆಯ ಹಿರಿಯರನ್ನು ಕೂರಿಸಿ, ಈ ಕಾಸಿಗೆ ಏನು ಬರುತ್ತಿತ್ತು, ದಿನದ ಕೂಲಿ ಎಷ್ಟಿತ್ತು, ಕಾಸಿಗೆ ನಿಮ್ಮ ಮಾತಿನಲ್ಲಿ ಏನೆನ್ನುತ್ತಿದ್ದರು ಎಂದು ಕೇಳಿ ಅದನ್ನೂ ಬರೆಯಿರಿ. ಕಾಸು ಪೇಟೆಯಲ್ಲಿ ಮತ್ತೆ ಸಿಕ್ಕೀತು; ಅದನ್ನು ಖರ್ಚು ಮಾಡಿದ ಕೈಗಳ ನೆನಪು ಸಿಗದು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಇಂದೇ ಮನೆಯ ಡಬ್ಬಿ ತೆರೆದು, ಒಂದು ಕಾಸಿನಿಂದ ಆರಂಭಿಸಿ.