ರನ್ನಿಂಗ್ ಮೇಟ್ ಅಂದ್ರೆ ಯಾರು? ನಮ್ಮಲ್ಲಿ ಯಾಕಿಲ್ಲ?

ವಿಡಿಯೋ ನೋಡೋಕೆ ಟೈಮ್ ಇಲ್ಲದವರಿಗೆ ಇದು ಬರಹ ರೂಪ. ಕ್ಯಾಬ್‌ನಲ್ಲಿ ಗಚ್ಚಿಬೌಲಿ ದಾಟೋದ್ರೊಳಗೆ ಓದಿ ಮುಗಿಸಬಹುದು.

2024ರ ಜುಲೈನಲ್ಲಿ ಟ್ರಂಪ್ ತಮ್ಮ ಜೊತೆಗೆ ಜೆ.ಡಿ. ವ್ಯಾನ್ಸ್ ಅಂತ ಘೋಷಿಸಿದಾಗ, ಇಲ್ಲಿನ ತೆಲುಗು ಚಾನೆಲ್‌ಗಳು ವ್ಯಾನ್ಸ್ ಪತ್ನಿ ಉಷಾ ಅವರ ಪೂರ್ವಿಕರ ಊರು, ಆಂಧ್ರದ ವಡ್ಲೂರಿಗೆ ಕ್ಯಾಮೆರಾ ತಗೊಂಡು ಹೋದವು. ಮುಂದಿನ ವರ್ಷ ಆಗಸ್ಟ್‌ನಲ್ಲಿ, ರಂಗಾರೆಡ್ಡಿ ಜಿಲ್ಲೆಯಲ್ಲಿ ಹುಟ್ಟಿದ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ನಮ್ಮ ಉಪರಾಷ್ಟ್ರಪತಿ ಚುನಾವಣೆಗೆ ವಿರೋಧ ಪಕ್ಷಗಳ ಅಭ್ಯರ್ಥಿಯಾದರು. ಎರಡೂ ಸಲ ಕೇಳಿದ್ದು ಒಂದೇ ಮಾತು: "ಮನವಾಳ್ಳು", ಅಂದ್ರೆ ನಮ್ಮವರು.

ನಮ್ಮವರು ಅನ್ನೋ ಖುಷಿ ತಪ್ಪಲ್ಲ. ಆದರೆ ಎರಡನೇ ಸ್ಥಾನಕ್ಕೆ ಯಾರನ್ನಾದರೂ ಆರಿಸುವಾಗ ಎಲ್ಲರೂ ನೋಡೋದು ಇವರಿಂದ ಎಷ್ಟು ವೋಟು ಬರುತ್ತೆ ಅಂತ. ಆ ಸ್ಥಾನದ ನಿಜವಾದ ಪರೀಕ್ಷೆ ಆಗೋದು ಮಾತ್ರ ಮೊದಲನೆಯವರು ಇಲ್ಲವಾದ ದಿನ.

ಅಮೆರಿಕದ ಲೆಕ್ಕ

ಮೊದಲು ಅಲ್ಲಿ ರನ್ನಿಂಗ್ ಮೇಟ್ ಅನ್ನೋದೇ ಈ ರೂಪದಲ್ಲಿ ಇರಲಿಲ್ಲ. ಎರಡನೇ ಅತಿ ಹೆಚ್ಚು ಮತ ಪಡೆದವರೇ ಉಪಾಧ್ಯಕ್ಷ. 1796ರಲ್ಲಿ ಜಾನ್ ಆಡಮ್ಸ್ ಅಧ್ಯಕ್ಷ, ಅವರ ಎದುರಾಳಿ ಜೆಫರ್ಸನ್ ಉಪಾಧ್ಯಕ್ಷ! ಇದು ನಡೆಯಲ್ಲ ಅಂತ ಗೊತ್ತಾಗಿ 1804ರ 12ನೇ ತಿದ್ದುಪಡಿಯಲ್ಲಿ ಎರಡು ಹುದ್ದೆಗೂ ಪ್ರತ್ಯೇಕ ಮತ ತಂದರು. ಈಗ ಮತದಾರರು ಜೋಡಿಯನ್ನು ಒಟ್ಟಿಗೇ ಆರಿಸ್ತಾರೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಸಿಗಲ್ಲ.

ಆಯ್ಕೆಯಲ್ಲಿ ಮೊದಲು ಬರೋದು ಕೊರತೆ ತುಂಬೋ ಯೋಚನೆ. 1960ರಲ್ಲಿ ಮ್ಯಾಸಚೂಸೆಟ್ಸ್‌ನ ಕೆನಡಿ, ಟೆಕ್ಸಾಸ್‌ನ ಲಿಂಡನ್ ಜಾನ್ಸನ್‌ರನ್ನು ಜೊತೆಗೆ ತಗೊಂಡಿದ್ದು ದಕ್ಷಿಣದ ಮತಕ್ಕಾಗಿ. ಆಮೇಲೆ ಬ್ಯಾಕ್‌ಗ್ರೌಂಡ್ ಚೆಕ್. ನಮ್ಮ ಕಂಪನಿಗಳು ಮಾಡೋದಕ್ಕಿಂತ ಕಠಿಣ: ತೆರಿಗೆ, ಆರೋಗ್ಯ, ಹಳೇ ಭಾಷಣ ಎಲ್ಲ ಕೆದಕ್ತಾರೆ. 1972ರಲ್ಲಿ ಮೆಕ್‌ಗವರ್ನ್ ಅವಸರದಲ್ಲಿ ಥಾಮಸ್ ಈಗಲ್ಟನ್‌ರನ್ನು ಆರಿಸಿದರು. ಅವರು ಖಿನ್ನತೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದ ಸಂಗತಿ ಆಮೇಲೆ ಹೊರಬಂತು. 18 ದಿನಕ್ಕೆ ಹೆಸರು ವಾಪಸ್.

ಇಷ್ಟು ಹುಡುಕಾಟ ಯಾಕೆ? ಗೆದ್ದ ಮೇಲೆ ಅಧ್ಯಕ್ಷರು ಉಪಾಧ್ಯಕ್ಷರನ್ನು ಕೆಲಸದಿಂದ ತೆಗೆಯೋ ಹಾಗಿಲ್ಲ. ಮಂತ್ರಿಯನ್ನು ತೆಗೀಬಹುದು, ಇವರನ್ನಾಗಲ್ಲ. ಅಧ್ಯಕ್ಷರು ಸತ್ತರೆ ಅಥವಾ ರಾಜೀನಾಮೆ ಕೊಟ್ಟರೆ, ಉಳಿದ ಅವಧಿಗೆ ಇವರೇ ಪೂರ್ಣ ಅಧ್ಯಕ್ಷರು. ಹೀಗೆ ಅಧ್ಯಕ್ಷರಾದವರು ಇದುವರೆಗೆ 9 ಮಂದಿ. ಟ್ರೂಮನ್ ಉಪಾಧ್ಯಕ್ಷರಾಗಿದ್ದು ಬರೀ 82 ದಿನ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡಾಗ ಅವರಿಗೆ ಅಣುಬಾಂಬ್ ಯೋಜನೆಯ ವಿವರವೇ ಗೊತ್ತಿರಲಿಲ್ಲ. ನಾಲ್ಕೇ ತಿಂಗಳಲ್ಲಿ ಹಿರೋಷಿಮಾ.

ನಮ್ಮಲ್ಲಿ ಜೋಡಿ ಇಲ್ಲ

ನಮ್ಮ ರಾಷ್ಟ್ರಪತಿಗೆ ಸಂಸದರು, ಶಾಸಕರು ಇಬ್ಬರೂ ಮತ ಹಾಕ್ತಾರೆ. ಉಪರಾಷ್ಟ್ರಪತಿಗೆ ಸಂಸದರು ಮಾತ್ರ. ಎರಡೂ ಬೇರೆ ಚುನಾವಣೆ, ಅವಧಿಯೂ ಬೇರೆ. ದ್ರೌಪದಿ ಮುರ್ಮು ರಾಷ್ಟ್ರಪತಿಯಾಗಿದ್ದು 2022ರ ಜುಲೈನಲ್ಲಿ, ಸಿ.ಪಿ. ರಾಧಾಕೃಷ್ಣನ್ ಉಪರಾಷ್ಟ್ರಪತಿಯಾಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ದಿನನಿತ್ಯದ ಕೆಲಸ ರಾಜ್ಯಸಭೆಯ ಸಭಾಪತಿತ್ವ.

ರಾಷ್ಟ್ರಪತಿ ಸ್ಥಾನ ಖಾಲಿಯಾದರೆ ಉಪರಾಷ್ಟ್ರಪತಿ ಹಂಗಾಮಿಯಾಗಿ ನೋಡಿಕೊಳ್ತಾರೆ, ಅಷ್ಟೇ. 6 ತಿಂಗಳೊಳಗೆ ಹೊಸ ಚುನಾವಣೆ ಆಗಲೇಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅಮೆರಿಕದ್ದು ಸ್ಟ್ಯಾಂಡ್‌ಬೈ ಸರ್ವರ್: ಪ್ರೈಮರಿ ಬಿದ್ದರೆ ಅದೇ ಪ್ರೈಮರಿ. ನಮ್ಮದು ಬೇರೆ ಟೀಮಿನ ಲೀಡ್ ಬಂದು, ಹೊಸಬರು ಜಾಯಿನ್ ಆಗೋವರೆಗೆ ನೋಡಿಕೊಳ್ಳೋ ಹಾಗೆ.

ಆದರೂ ಅಭ್ಯರ್ಥಿ ಆರಿಸುವಾಗ ರಾಜ್ಯದ ಲೆಕ್ಕ ನಮ್ಮಲ್ಲೂ ಇದ್ದೇ ಇದೆ. 2025ರಲ್ಲಿ ಎನ್‌ಡಿಎ ತಮಿಳುನಾಡಿನ ರಾಧಾಕೃಷ್ಣನ್‌ರನ್ನು ನಿಲ್ಲಿಸಿತು. ಅವರು 2024ರಲ್ಲಿ ಕೆಲವು ತಿಂಗಳು ತೆಲಂಗಾಣದ ಹೆಚ್ಚುವರಿ ರಾಜ್ಯಪಾಲರೂ ಆಗಿದ್ದರು. ಎದುರಿಗೆ ಸುದರ್ಶನ ರೆಡ್ಡಿ. ತೆಲುಗು ಸಂಸದರೆಲ್ಲ ತೆಲುಗಿನವರಿಗೇ ಮತ ಹಾಕಲಿ ಅಂತ ಮುಖ್ಯಮಂತ್ರಿ ರೇವಂತ್ ರೆಡ್ಡಿ ಕರೆ ಕೊಟ್ಟರು. ಏನಾಯ್ತು? ಟಿಡಿಪಿ ಎನ್‌ಡಿಎ ಜೊತೆಗೇ ನಿಂತಿತು, ವೈಎಸ್‌ಆರ್ ಕಾಂಗ್ರೆಸ್ ಕೂಡ ರಾಧಾಕೃಷ್ಣನ್‌ಗೆ ಬೆಂಬಲ ಕೊಟ್ಟಿತು, ಬಿಆರ್‌ಎಸ್ ಮತದಾನಕ್ಕೇ ಬರಲಿಲ್ಲ. ಸೆಪ್ಟೆಂಬರ್ 9ರ ಫಲಿತಾಂಶ 452–300. ಅಭಿಮಾನದ ಮಾತು ಜೋರಾಗಿತ್ತು, ಗೆದ್ದಿದ್ದು ಮೈತ್ರಿಕೂಟದ ಲೆಕ್ಕ.

ಜತ್ತಿಯವರ 164 ದಿನ

ಹಾಗಾದ್ರೆ ಈ ಹುದ್ದೆಗೆ ಯಾರು ಬಂದರೇನು ಅಂತೀರಾ? ಇಲ್ಲೇ ನಮ್ಮ ಬಿ.ಡಿ. ಜತ್ತಿ ನೆನಪಾಗಬೇಕು. ಜಮಖಂಡಿ ಹತ್ತಿರದ ಸಾವಳಗಿಯವರು, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. 1974ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಉಪರಾಷ್ಟ್ರಪತಿಯಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಸಭಾಪತಿಯಾಗಿದ್ದವರು ಒಂದೇ ದಿನದಲ್ಲಿ ಹಂಗಾಮಿ ರಾಷ್ಟ್ರಪತಿ.

ಎಂಥಾ ಹೊತ್ತು ನೋಡಿ. ಮುಂದಿನ ತಿಂಗಳೇ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದ್ದು ಇದೇ ಜತ್ತಿ. ಆಮೇಲೆ ಹೊಸ ಸರ್ಕಾರ, ಕಾಂಗ್ರೆಸ್ ಅಧಿಕಾರದಲ್ಲಿದ್ದ 9 ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಶಿಫಾರಸು ಮಾಡಿತು. ಜತ್ತಿ ತಕ್ಷಣ ಸಹಿ ಹಾಕಲಿಲ್ಲ, ದೆಹಲಿಯಲ್ಲಿ ಗದ್ದಲ ಎದ್ದಿತು. ಕೊನೆಗೆ ಏಪ್ರಿಲ್ 30ರಂದು ಸಹಿ ಬಿತ್ತು. 1976ರ 42ನೇ ತಿದ್ದುಪಡಿ ಪ್ರಕಾರ ಸಂಪುಟದ ಸಲಹೆಯಂತೆ ನಡೆಯಲೇಬೇಕಿತ್ತು. ಒಂದು ಸಲ ಮರುಪರಿಶೀಲಿಸಿ ಅಂತ ವಾಪಸ್ ಕಳಿಸೋ ಅಧಿಕಾರ ರಾಷ್ಟ್ರಪತಿಗೆ ಲಿಖಿತವಾಗಿ ಸಿಕ್ಕಿದ್ದು 1978ರ 44ನೇ ತಿದ್ದುಪಡಿಯಲ್ಲಿ.

ಅವರು ತಡಮಾಡಿದ್ದು ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಮಾಡಬಹುದು. ನಾನು ಹೇಳೋದಿಷ್ಟೇ: 1974ರಲ್ಲಿ ಅವರನ್ನು ಆರಿಸಿದವರು ಯಾರೂ ಈ ದಿನವನ್ನು ಯೋಚಿಸಿ ಮತ ಹಾಕಿರಲಿಕ್ಕಿಲ್ಲ. ಒಟ್ಟು 164 ದಿನ ನಿಭಾಯಿಸಿ, ಜುಲೈ 25ರಂದು ಅವರು ಜಾಗ ಬಿಟ್ಟುಕೊಟ್ಟಿದ್ದು ನೀಲಂ ಸಂಜೀವ ರೆಡ್ಡಿಯವರಿಗೆ. ಜತ್ತಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯಾಗಿದ್ದಾಗ ಸುಮಾರು 20 ತಿಂಗಳು ನಮ್ಮ ಈ ಹೈದರಾಬಾದಿನಲ್ಲಿ ಮುಖ್ಯಮಂತ್ರಿಯಾಗಿದ್ದವರು ಅವರೇ.

ಡಿಸಿಎಂ ಅಂದ್ರೆ ರನ್ನಿಂಗ್ ಮೇಟಾ?

ಇದನ್ನ ತುಂಬಾ ಜನ ಕೇಳ್ತೀರಿ. ಅಲ್ಲ. ಉಪಮುಖ್ಯಮಂತ್ರಿ ಅನ್ನೋ ಹುದ್ದೆ ಸಂವಿಧಾನದಲ್ಲೇ ಇಲ್ಲ. ಅವರೂ ಒಬ್ಬ ಮಂತ್ರಿ. ತೆಲಂಗಾಣದಲ್ಲಿ 2014ರಲ್ಲಿ ಉಪಮುಖ್ಯಮಂತ್ರಿಯಾದ ಟಿ. ರಾಜಯ್ಯನವರನ್ನು ಕೆಸಿಆರ್ 2015ರ ಜನವರಿಯಲ್ಲೇ ಸಂಪುಟದಿಂದ ತೆಗೆದರು. ಮುಖ್ಯಮಂತ್ರಿ ಹೋದರೆ ಜಾಗ ತಾನಾಗೇ ಇವರಿಗೆ ಬರೋದೂ ಇಲ್ಲ, ಶಾಸಕಾಂಗ ಪಕ್ಷ ಹೊಸ ನಾಯಕನನ್ನು ಆರಿಸಬೇಕು.

ಹಾಗಾಗಿ ಮುಂದಿನ ಸಲ ಆಫೀಸಿನ ಕ್ಯಾಂಟೀನ್‌ನಲ್ಲಿ ಎರಡನೇ ಸ್ಥಾನಕ್ಕೆ ಯಾರು ಅನ್ನೋ ಚರ್ಚೆ ಬಂದರೆ, ಯಾವ ಜಾತಿ, ಯಾವ ರಾಜ್ಯ ಅನ್ನೋದಕ್ಕೆ ಮುಂಚೆ ಎರಡು ಪ್ರಶ್ನೆ ಕೇಳಿ. ಇವರನ್ನು ತೆಗೆಯೋ ಅಧಿಕಾರ ಯಾರಿಗಿದೆ? ಮೇಲಿನ ಕುರ್ಚಿ ನಾಳೆ ಖಾಲಿಯಾದರೆ ಇವರ ಕೈಗೆ ಏನು ಬರುತ್ತೆ, ಎಷ್ಟು ದಿನಕ್ಕೆ? ಉತ್ತರ ಗೊತ್ತಾದರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತೆ.

ಮುಂದಿನ ವಿಡಿಯೋದಲ್ಲಿ ರಾಷ್ಟ್ರಪತಿ ಚುನಾವಣೆಯಲ್ಲಿ ಒಬ್ಬ ಶಾಸಕರ ಮತದ ಮೌಲ್ಯ ಲೆಕ್ಕ ಹಾಕೋದು ಹೇಗೆ ಅಂತ ನೋಡೋಣ.