ಟೋಳಿಯ ಹೆಣ್ಣುಮಕ್ಕಳ ಸೊಂಟನೋವು

ದೀಪಾವಳಿ ಮುಗಿಯುತ್ತಲೇ ಅಂಕಲಿ, ರಾಯಬಾಗ, ಅಥಣಿಯ ಹೊಲಗಳಿಗೆ ಮಹಾರಾಷ್ಟ್ರದ ಬೀಡ ಮತ್ತಿತರ ಜಿಲ್ಲೆಗಳಿಂದ ಕಬ್ಬು ಕಡಿಯುವ ಟೋಳಿಗಳು ಬಂದಿಳಿಯುತ್ತವೆ. ಆ ಹೆಣ್ಣುಮಕ್ಕಳು ದವಾಖಾನೆಗೆ ಬಂದಾಗ ಹೇಳುವ ದೂರು ಹೆಚ್ಚಾಗಿ ಒಂದೇ: ಸೊಂಟನೋವು, ನಿದ್ದೆ ಇಲ್ಲ. ಹೇಳುವವನೂ ಜೊತೆಗೆ ಬಂದ ಮುಕಾದಮನೇ. “ಒಂದು ಸೂಜಿ ಮಾಡ್ರಿ ಡಾಕ್ಟರ್, ನಾಳೆ ಕೆಲಸಕ್ಕ ಹೋಗಬೇಕು” ಎನ್ನುತ್ತಾನೆ. ಅವನನ್ನು ಹೊರಗೆ ಕೂಡಿಸಿ, ಆಕೆಯನ್ನೇ ಮರಾಠಿಯಲ್ಲಿ ವಿಚಾರಿಸಿದರೆ ಬೇರೆಯೇ ಸಂಗತಿ ತಿಳಿಯುತ್ತದೆ.

ಟೋಳಿಯ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಮುಂಗಡ ಹಣ ಸಾಮಾನ್ಯವಾಗಿ ಗಂಡನ ಕೈಗೆ. ತೀರಿಸಲು ದುಡಿಯುವವರು ಇಬ್ಬರೂ. ಒಂದು ದಿನ ತಪ್ಪಿದರೆ ‘ಖಾಡಾ’ ಎಂದು ದಂಡ ಹಿಡಿಯುತ್ತಾರೆ. ಹಾಗಾಗಿ ಮುಟ್ಟಾದರೂ ಬಸುರಾದರೂ ಬಿಡುವಿಲ್ಲ. ಗುಡಿಸಲ ಬಳಿ ಶೌಚಾಲಯವಿಲ್ಲದೆ, ಗಂಡಸರ ಕಣ್ಣಿಗೆ ಅಂಜಿ ಅನೇಕರು ನೀರು ಕುಡಿಯದೆ ಹಗಲೆಲ್ಲ ಮೂತ್ರ ತಡೆಯುತ್ತಾರೆ. ಇದರಿಂದ ಉರಿಮೂತ್ರ ಬರುತ್ತದೆ. ಅಲಕ್ಷಿಸಿದರೆ ಸೋಂಕು ಮೂತ್ರಪಿಂಡಕ್ಕೇರಿ ಚಳಿಜ್ವರ, ಸೊಂಟನೋವು ಕಾಣಿಸಿಕೊಳ್ಳುತ್ತವೆ. ಇದಕ್ಕೆ ನೋವಿನ ಸೂಜಿ ಮದ್ದಲ್ಲ.

2019ರಲ್ಲಿ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಮಹಿಳೆಯರ ಸಮೀಕ್ಷೆ ನಡೆದಾಗ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಬಿಳಿಸೆರಗು, ಮುಟ್ಟಿನ ತೊಂದರೆಗಳು ಬಹುಪಾಲು ಮಾತ್ರೆಯಿಂದ ವಾಸಿಯಾಗುತ್ತವೆ. ಖಾಡಾ ತಪ್ಪಿಸಲು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದನ್ನು ಚಿಕಿತ್ಸೆ ಎಂದು ನಾನು ಕರೆಯಲಾರೆ.

ಬೈಗುಳ, ಮೈಮುಟ್ಟುವಿಕೆ, ಮುಂಗಡದ ಬೆದರಿಕೆ ಇವೂ ದೇಹಕ್ಕೆ ಇಳಿಯುತ್ತವೆ. ತಲೆನೋವು, ಎದೆ ಡವಡವ, ಹೊಟ್ಟೆಯುರಿ, ನಿದ್ದೆಯಲ್ಲಿ ಬೆಚ್ಚುವುದು. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಅದನ್ನು ನಾಟಕ ಎನ್ನಬಾರದು.

ಟೋಳಿ ಕಬ್ಬು ಕಡಿಯುವುದು ನಿಮ್ಮ ಹೊಲದಲ್ಲಿ. “ಹೊರಗಿನವರು, ಅವರ ಮುಕಾದಮ ನೋಡಿಕೊಳ್ತಾನ” ಎಂದು ನಾವು ಸುಮ್ಮನಾಗುತ್ತೇವೆ. (ನಮ್ಮ ಹುಡುಗರಿಗೆ ಪುಣೆಯಲ್ಲೋ ಗೋವಾದಲ್ಲೋ ಯಾರಾದರೂ ಹೀಗೆಂದರೆ ಸಿಟ್ಟು ಬರುತ್ತದೆ!) ಕುಡಿಯುವ ನೀರು ಕೊಡಿ, ನಾಲ್ಕು ತಟ್ಟಿ ಕಟ್ಟಿ ಮರೆ ಮಾಡಿಸಿ. ಮನೆಯ ಹೆಣ್ಣುಮಕ್ಕಳು ಒಮ್ಮೆ ಹೋಗಿ ಮಾತನಾಡಿಸಿ ಬರಲಿ. ಗಂಡಸರಿಗೆ ಹೇಳದ್ದು ಅವರಿಗೆ ತಿಳಿಯುತ್ತದೆ.

ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ಬರೆಯಲು ಬಾರದವರಿಗೆ ಸಮಿತಿಯೇ ನೆರವಾಗಬೇಕು. ಮುಂಗಡದ ಹೆಸರಿನಲ್ಲಿ ಕೂಲಿಯವರನ್ನು ಹಿಡಿದಿಡುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಪರಾಧವೆನ್ನುತ್ತದೆ. ಮಹಿಳೆಯರಿಗೆ ಕಾನೂನು ನೆರವು ಉಚಿತ, ದೂರವಾಣಿ 15100. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಅತ್ಯಾಚಾರವಾಗಿದ್ದರೆ ಸ್ನಾನ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಗರ್ಭ ನಿಲ್ಲದಂತೆ, ಎಚ್‌ಐವಿ ತಗಲದಂತೆ ಕೊಡುವ ಮಾತ್ರೆಗಳನ್ನು 72 ಗಂಟೆಯೊಳಗೆ ಆರಂಭಿಸಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಸರಕಾರಿಯಿರಲಿ ಖಾಸಗಿಯಿರಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಮೊದಲು ಪೊಲೀಸರ ಕಾಗದ ತನ್ನಿ ಎನ್ನುವಂತಿಲ್ಲ.

ಬಸುರಿಯರ ತಪಾಸಣೆಗೆ, ಮಕ್ಕಳ ಲಸಿಕೆಗೆ ಬೀಡದ ಕಾರ್ಡೂ ನಡೆಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾರಾದರೂ “ನಿಮ್ಮೂರಾಗ ತೋರಿಸಿಕೋ” ಎಂದು ಕಳಿಸಿದರೆ, ಮರುದಿನ ನೀವೇ ಅವರ ಜೊತೆ ಹೋಗಿ.