29 ಗಂಟೆಯ ಒಪೆರಾ, ಕಂತಿನ ಲೆಕ್ಕ

ಜರ್ಮನಿಯ ಸಂಗೀತ ರಚನಕಾರ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸನ್ 1977ರಲ್ಲಿ 'ಲಿಖ್ಟ್' ಎಂಬ ಒಪೆರಾ ಸರಣಿಗೆ ಕೈಹಾಕಿ 2003ರಲ್ಲಿ ಮುಗಿಸಿದರು. ಹೆಸರಿನ ಅರ್ಥ ಬೆಳಕು. ವಾರದ ದಿನಕ್ಕೊಂದರಂತೆ ಏಳು ಒಪೆರಾ, ಒಟ್ಟು ಅವಧಿ ಸುಮಾರು 29 ಗಂಟೆ. 26 ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸರಾಸರಿ 67 ನಿಮಿಷದ ಸಂಗೀತ. 2007ರ ಡಿಸೆಂಬರ್ 5ರಂದು ಅವರು ತೀರಿಕೊಂಡಾಗ ಏಳರಲ್ಲಿ ಎರಡು ಒಪೆರಾಗಳು ಇಡಿಯಾಗಿ ರಂಗ ಕಂಡಿರಲಿಲ್ಲ. ಆ ಎರಡೇ ಯಾಕೆ ಉಳಿದವು ಎಂಬುದು ಹೊಸ ಸಂಗೀತ ರಂಗಭೂಮಿಗೆ ಯಾರು ಹಣ ಹಾಕುತ್ತಾರೆ, ಹೇಗೆ ಹಾಕುತ್ತಾರೆ ಎನ್ನುವುದಕ್ಕೆ ಸಂಬಂಧಿಸಿದ ಪ್ರಶ್ನೆ.

ಬರೆದು ಮುಗಿದ ವರ್ಷಕ್ಕೂ ಇಡೀ ಒಪೆರಾ ರಂಗಕ್ಕೆ ಬಂದ ವರ್ಷಕ್ಕೂ ಇರುವ ಅಂತರವನ್ನು ನೋಡಬೇಕು. 'ಗುರುವಾರ' 1980ರಲ್ಲಿ ಮುಗಿದು 1981ರಲ್ಲಿ ರಂಗಕ್ಕೆ ಬಂತು: ಒಂದು ವರ್ಷ. 'ಶನಿವಾರ' 1983ರಲ್ಲಿ ಮುಗಿದು 1984ರಲ್ಲಿ: ಒಂದು ವರ್ಷ. 'ಸೋಮವಾರ' ಮುಗಿದ ಬೆನ್ನಿಗೇ 1988ರಲ್ಲಿ. 'ಮಂಗಳವಾರ' 1991ರಿಂದ 1993ಕ್ಕೆ, 'ಶುಕ್ರವಾರ' 1994ರಿಂದ 1996ಕ್ಕೆ: ತಲಾ ಎರಡು ವರ್ಷ. ಇಲ್ಲಿಂದ ಮುಂದೆ ಸಂಖ್ಯೆ ಜಿಗಿಯುತ್ತದೆ. 2003ರಲ್ಲಿ ಮುಗಿದ 'ಭಾನುವಾರ' 2011ರವರೆಗೆ, ಅಂದರೆ ಎಂಟು ವರ್ಷ ಕಾಯಿತು. 1997ರಲ್ಲಿ ಮುಗಿದ 'ಬುಧವಾರ' ಕಾದದ್ದು 15 ವರ್ಷ.

ಮೊದಲ ಐದರ ಹಿಂದೆ ಇದ್ದುದು ಎರಡೇ ರಂಗಮಂದಿರಗಳು: ಮೂರಕ್ಕೆ ಮಿಲಾನ್‌ನ ಲಾ ಸ್ಕಾಲಾ, ಎರಡಕ್ಕೆ ಲೈಪ್‌ಜಿಗ್ ಒಪೆರಾ. ಇಂಥ ಮಂದಿರಗಳಲ್ಲಿ ವಾದ್ಯವೃಂದ, ಗಾಯನವೃಂದ, ರಂಗಸಿಬ್ಬಂದಿ ಎಲ್ಲರೂ ಸಂಬಳದ ಮೇಲಿರುತ್ತಾರೆ. ಹಾಗೆಂದು ಅಡ್ಡಿಯೇ ಇಲ್ಲವೆಂದಲ್ಲ. 1981ರಲ್ಲಿ ಲಾ ಸ್ಕಾಲಾದ ಗಾಯನವೃಂದ ಮುಷ್ಕರ ಹೂಡಿದ್ದರಿಂದ 'ಗುರುವಾರ'ದ ಮೊದಲ ಪ್ರದರ್ಶನಗಳು ಮೂರನೇ ಅಂಕವಿಲ್ಲದೆ ನಡೆದವು; ಪೂರ್ಣ ಪ್ರದರ್ಶನ ಏಪ್ರಿಲ್ 3ಕ್ಕೆ ಹೋಯಿತು. ಆದರೂ ಅದು ವಾರಗಳ ವಿಳಂಬ, ವರ್ಷಗಳದ್ದಲ್ಲ.

ಕೊನೆಯ ಎರಡನ್ನು ಉತ್ಸವಗಳೂ ಬಾನುಲಿ ಸಂಸ್ಥೆಗಳೂ ದೃಶ್ಯದ ಲೆಕ್ಕದಲ್ಲಿ ಹಣ ಕೊಟ್ಟು ಬರೆಸಿದವು. 'ಬುಧವಾರ'ದ ನಾಲ್ಕು ದೃಶ್ಯಗಳಲ್ಲಿ ಎರಡು ಆಮ್‌ಸ್ಟರ್‌ಡ್ಯಾಮ್‌ನ ಹಾಲೆಂಡ್ ಫೆಸ್ಟಿವಲ್‌ನಲ್ಲಿ (1995, 1996), ಒಂದು ಸ್ಟುಟ್‌ಗಾರ್ಟ್‌ನಲ್ಲಿ (1996), ಇನ್ನೊಂದು ಮ್ಯೂನಿಕ್‌ನಲ್ಲಿ (1998) ಮೊದಲು ಪ್ರದರ್ಶನಗೊಂಡವು. 'ಭಾನುವಾರ'ದ ಐದು ದೃಶ್ಯಗಳು 1999ರಿಂದ 2004ರ ನಡುವೆ ನಾಲ್ಕು ದೇಶಗಳಿಗೆ ಹಂಚಿಹೋದವು: ಜರ್ಮನಿಯ ಡೋನಾಉಎಶಿಂಗನ್‌ನಲ್ಲಿ ಎರಡು, ಆಮ್‌ಸ್ಟರ್‌ಡ್ಯಾಮ್, ಸಾಲ್ಸ್‌ಬರ್ಗ್, ಸ್ಪೇನ್‌ನ ಕ್ಯಾನರಿ ದ್ವೀಪಗಳಲ್ಲಿ ಒಂದೊಂದು. ಆಮ್‌ಸ್ಟರ್‌ಡ್ಯಾಮ್ ದೃಶ್ಯದಲ್ಲಿ ಗಾಯನವೃಂದ ಏಳು ಭಾಷೆಗಳಲ್ಲಿ ಹಾಡುತ್ತದೆ. ಅವುಗಳಲ್ಲಿ ಹಿಂದಿಯೂ ಒಂದು. ಬಿಡಿ ದೃಶ್ಯಗಳು ಬರೆದ ಒಂದೆರಡು ವರ್ಷಗಳಲ್ಲೇ ಕೇಳುಗರನ್ನು ತಲುಪಿದವು. ಆದರೆ ಒಂಬತ್ತು ದೃಶ್ಯಗಳಿಗೆ ಹಣ ಹಾಕಿದವರಲ್ಲಿ ಯಾರೂ ಎರಡರಲ್ಲಿ ಒಂದನ್ನಾದರೂ ಪೂರ್ಣ ಒಪೆರಾವಾಗಿ ರಂಗಕ್ಕೆ ತರಲಿಲ್ಲ. ಆ ಕೆಲಸ 2011ರ ಏಪ್ರಿಲ್‌ನಲ್ಲಿ ಕಲೋನ್ ಒಪೆರಾಕ್ಕೂ 2012ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಒಪೆರಾ ಕಂಪನಿಗೂ ಬಂತು. ಎರಡನೆಯದು ಲಂಡನ್ ಒಲಿಂಪಿಕ್ಸ್ ವರ್ಷದ ಸಾಂಸ್ಕೃತಿಕ ಉತ್ಸವದ ಭಾಗ.

ವಿಳಂಬಕ್ಕೆ ಹಣ ಹಂಚಿದ ರೀತಿಯೊಂದೇ ಕಾರಣವೆನ್ನುವುದು ಸರಿಯಲ್ಲ. ಕೃತಿಯ ಬೇಡಿಕೆಯೂ ಬೆಳೆದಿತ್ತು. 'ಬುಧವಾರ'ದ ಮೂರನೇ ದೃಶ್ಯ 'ಹೆಲಿಕಾಪ್ಟರ್ ತಂತಿವಾದ್ಯ ಚತುಷ್ಟಯ'. ಅವಧಿ ಸುಮಾರು ಅರ್ಧ ಗಂಟೆ, ವಾದಕರು ನಾಲ್ವರು. ಒಬ್ಬೊಬ್ಬರಿಗೆ ಒಂದೊಂದು ಹೆಲಿಕಾಪ್ಟರ್, ಒಬ್ಬ ಪೈಲಟ್, ಒಬ್ಬ ಧ್ವನಿ ತಂತ್ರಜ್ಞ, ಮೂರು ಧ್ವನಿ ಪ್ರಸಾರಕ, ಒಂದು ದೃಶ್ಯ ಪ್ರಸಾರಕ. ಕೆಳಗೆ ಸಭಾಂಗಣದಲ್ಲಿ ಒಬ್ಬ ನಿರೂಪಕ, ಧ್ವನಿ ಸಮತೋಲ ನೋಡುವ ಒಬ್ಬ. ಒಟ್ಟು 14 ಜನರಲ್ಲಿ ವಾದ್ಯ ನುಡಿಸುವವರು ಶೇ 29 ಮಾತ್ರ. ಮೂಲತಃ ಇದನ್ನು ಬರೆಸಿದ್ದು ಸಾಲ್ಸ್‌ಬರ್ಗ್ ಉತ್ಸವ, 1994ಕ್ಕೆ. ಆಸ್ಟ್ರಿಯಾದ ಗ್ರೀನ್ ಪಕ್ಷದವರು ವಾಯುಮಾಲಿನ್ಯದ ಆಕ್ಷೇಪ ಎತ್ತಿದರು, ಪ್ರದರ್ಶನ ರದ್ದಾಯಿತು. 1995ರ ಜೂನ್ 26ರಂದು ಹಾಲೆಂಡ್ ಫೆಸ್ಟಿವಲ್ ಅದನ್ನು ಕೈಗೆತ್ತಿಕೊಂಡಾಗ ಹಾರಿದ್ದು ಡಚ್ ವಾಯುಪಡೆಯ ಗ್ರಾಸ್‌ಹಾಪರ್ಸ್ ತಂಡದ ಹೆಲಿಕಾಪ್ಟರ್‌ಗಳು. ಅದೇ ದಿನ ಮೂರು ಬಾರಿ ನುಡಿಸಲಾಯಿತು. ಹೆಲಿಕಾಪ್ಟರ್ ಬಂದ ಮೇಲೆ ಒಂದು ಪ್ರದರ್ಶನಕ್ಕೆ ನಿಲ್ಲಿಸುವುದು ದುಬಾರಿ. ಇದು ಕಲೆಯ ತೀರ್ಮಾನಕ್ಕಿಂತ ಲೆಕ್ಕದ ತೀರ್ಮಾನ ಎಂದೇ ನನಗೆ ತೋರುತ್ತದೆ.

ಸಭಾಂಗಣ ತುಂಬಿದರೆ ಖರ್ಚು ಹುಟ್ಟುತ್ತದೆ ಎನ್ನುವವರಿಗೆ ಇನ್ನೊಂದು ಲೆಕ್ಕವಿದೆ. ಸಂಗೀತ ರಚನಕಾರ ಫಿಲಿಪ್ ಗ್ಲಾಸ್ ಮತ್ತು ರಂಗನಿರ್ದೇಶಕ ರಾಬರ್ಟ್ ವಿಲ್ಸನ್ ಅವರ 'ಐನ್‌ಸ್ಟೈನ್ ಆನ್ ದ ಬೀಚ್', ವಿರಾಮವಿಲ್ಲದ ಸುಮಾರು ಐದು ಗಂಟೆಯ ಒಪೆರಾ, 1976ರ ಜುಲೈ 25ರಂದು ಫ್ರಾನ್ಸ್‌ನ ಆವಿನ್ಯೋನ್ ಉತ್ಸವದಲ್ಲಿ ಮೊದಲು ರಂಗಕ್ಕೆ ಬಂತು. ಯುರೋಪಿನ ಪ್ರವಾಸ ಮುಗಿಸಿ ನವೆಂಬರ್ 21 ಮತ್ತು 28ರಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಎರಡು ಪ್ರದರ್ಶನ ಕಂಡಿತು. ಸುಮಾರು 3,800 ಆಸನಗಳ ಸಭಾಂಗಣ ಎರಡು ರಾತ್ರಿಯೂ ಭರ್ತಿ. ಕೊನೆಗೆ ನಿರ್ಮಾಪಕರ ಮೇಲೆ ಉಳಿದ ಸಾಲ ಸುಮಾರು ಒಂದು ಲಕ್ಷ ಡಾಲರ್. ಆ ಸಾಲವನ್ನು ಎರಡು ರಾತ್ರಿಯ 7,600 ಆಸನಗಳಿಗೆ ಹಂಚಿದರೆ ಆಸನಕ್ಕೆ 13 ಡಾಲರ್ ಕೊರತೆ. ಗ್ಲಾಸ್ ಮತ್ತೆ ಟ್ಯಾಕ್ಸಿ ಓಡಿಸಿದರು. ನಾಲ್ಕು ವರ್ಷದ ನಂತರ ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳನ್ನೇ ಸಾಹಿತ್ಯವಾಗಿಸಿಕೊಂಡ, ಗಾಂಧಿಯ ದಕ್ಷಿಣ ಆಫ್ರಿಕಾ ದಿನಗಳ ಕುರಿತ ಅವರ 'ಸತ್ಯಾಗ್ರಹ' 1980ರ ಸೆಪ್ಟೆಂಬರ್ 5ರಂದು ರಾಟರ್‌ಡ್ಯಾಮ್‌ನಲ್ಲಿ ರಂಗ ಕಂಡಿತು. ಬರೆಸಿದ್ದು ಆ ನಗರ, ಆಡಿದ್ದು ನೆದರ್ಲೆಂಡ್ಸ್ ಒಪೆರಾ.

ಸಹನಿರ್ಮಾಣ, ಅಂದರೆ ಹಲವು ಸಂಸ್ಥೆಗಳು ಒಂದೇ ನಿರ್ಮಾಣದ ವೆಚ್ಚ, ಜನ, ಜಾಗಗಳನ್ನು ಹಂಚಿಕೊಳ್ಳುವ ಪದ್ಧತಿ, ಈ ಕೊರತೆಗೆ ಕಂಡುಕೊಂಡ ದಾರಿ. 2019ರ 'ಆಉಸ್ ಲಿಖ್ಟ್' ಇದರ ದೊಡ್ಡ ಉದಾಹರಣೆ. ಡಚ್ ನ್ಯಾಷನಲ್ ಒಪೆರಾ, ಹಾಲೆಂಡ್ ಫೆಸ್ಟಿವಲ್, ಹೇಗ್‌ನ ರಾಯಲ್ ಕನ್ಸರ್ವೇಟರಿ, ಸ್ಟಾಕ್‌ಹೌಸನ್ ಪ್ರತಿಷ್ಠಾನ, ಈ ನಾಲ್ಕು ಸೇರಿ ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಅನಿಲ ಸಂಗ್ರಹಾಗಾರದಲ್ಲಿ ಸರಣಿಯ ಸುಮಾರು 15 ಗಂಟೆಯ ಭಾಗವನ್ನು ಆಡಿಸಿದವು. ಇಡೀ 'ಲಿಖ್ಟ್'ನ ಶೇ 52. ಮೇ 31ರಿಂದ ಜೂನ್ 10ರವರೆಗಿನ 11 ದಿನಗಳಲ್ಲಿ ಮೂರು ದಿನಗಳ ಸುತ್ತು ಮೂರು ಬಾರಿ: ಒಟ್ಟು 45 ಗಂಟೆ ಪ್ರದರ್ಶನ. ನಾಲ್ವರಲ್ಲಿ ಮೂರನೆಯವರ ಪಾಲು ಗಮನಿಸಬೇಕಾದದ್ದು: ಕನ್ಸರ್ವೇಟರಿ ತನ್ನ ವಿದ್ಯಾರ್ಥಿಗಳನ್ನು ಈ ಕೃತಿಗೆಂದೇ ತರಬೇತುಗೊಳಿಸಿತು. ಹೀಗೆ ತಾಲೀಮಿನ ವೆಚ್ಚದ ಒಂದು ಭಾಗ ಶಿಕ್ಷಣದ ಖಾತೆಗೆ ಹೋಯಿತು.

ಪ್ಯಾರಿಸ್‌ನ ಲ ಬಾಲ್ಕೋಂ ವಾದ್ಯವೃಂದ 2018ರಿಂದ ಸರಣಿಯ ಒಪೆರಾಗಳನ್ನು ಒಂದೊಂದಾಗಿ, ಇಡಿಯಾಗಿ ಆಡುತ್ತಿದೆ. 2023ರ ಕೊನೆಗೆ ಐದು ಮುಗಿದಿದ್ದವು, ಏಳರಲ್ಲಿ ಶೇ 71. ಆರು ವರ್ಷಗಳಲ್ಲಿ ಒಂದೇ ತಂಡ ತಲುಪಿದ ಸಂಖ್ಯೆ ಇದು.

ಈ ಅಂಕಿಗಳನ್ನು ನೋಡಿದ ಮೇಲೆ ಉತ್ಸವವೊಂದು 'ನಾವು ಬರೆಸಿದ ಹೊಸ ಕೃತಿಗಳು' ಎಂದು ಕೊಡುವ ಪಟ್ಟಿಯಿಂದ ಏನೂ ತೀರ್ಮಾನಿಸಲಾಗದು. ಪಕ್ಕದಲ್ಲಿ ಇನ್ನೆರಡು ಅಂಕಣ ಬೇಕು: ಎಷ್ಟು ಬಾರಿ ಆಡಿದರು, ಇಡೀ ಕೃತಿ ಎಷ್ಟು ವರ್ಷಕ್ಕೆ ರಂಗಕ್ಕೆ ಬಂತು. 'ಲಿಖ್ಟ್'ನ ಏಳು ಒಪೆರಾಗಳೂ ಒಂದೇ ವಾರದಲ್ಲಿ, ಏಳು ದಿನ ಸಾಲಾಗಿ, 2024ರ ಕೊನೆಯವರೆಗೆ ಎಲ್ಲಿಯೂ ರಂಗ ಕಂಡಿರಲಿಲ್ಲ.